ಕೆಮ್ಮಿದಾಗ ಪುಟ ತಿರುವುವ ಶಾಲೆ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರ ಬಂದ ಕಡೆಯೆಲ್ಲ ಸಾಲು ಕೆಳಗೆ ಜಾರುತ್ತದೆ. ಮಾತೂ ಹೆಚ್ಚು ಗೊತ್ತಿಲ್ಲ, ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಆದರೂ ನೂರೀನ್ ಮಿಸ್ ಬಗ್ಗೆ ಬರೆಯಬೇಕು ಅನ್ನಿಸಿತು. ಅವರು ಹೇಳಿದ್ದನ್ನೂ ಕೆಂಚಮ್ಮಜ್ಜಿ ಹೇಳಿದ್ದನ್ನೂ ಮತ್ತೆ ಮತ್ತೆ ಕೇಳಿ ಸರಿಮಾಡಿಕೊಂಡು ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನದು, ಅವರದಲ್ಲ.

ನೂರೀನ್ ಮಿಸ್ ರಾಮನಗರದವರು. ಅವರ ಅಪ್ಪ ಕರೀಂ ಸಾಬರದು ರೇಷ್ಮೆ ನೂಲು ಬಿಚ್ಚುವ ಕೆಲಸ. ಮನೆಯ ಹಿಂದೆಯೇ ಒಲೆ, ಬಾಣಲೆ, ತಿರುಗುವ ರಾಟೆ. ಬೇಯುವ ಗೂಡಿನ ವಾಸನೆ ಬಟ್ಟೆಗೆ ಹತ್ತಿಕೊಂಡು ಹೋಗುವುದೇ ಇಲ್ಲ ಎಂದು ಅವರು ಚಿಕ್ಕವರಿದ್ದಾಗ ಅಳುತ್ತಿದ್ದರಂತೆ. ಮನೆಯಲ್ಲಿ ಉರ್ದು. ಅಪ್ಪ ಹಟ ಹಿಡಿದು ಕನ್ನಡ ಸ್ಕೂಲಿಗೆ ಹಾಕಿದರು. ಅಲ್ಲಿ ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದುವಾಗ ನೂರೀನ್ ಸುಮ್ಮನೆ ಬಾಯಿ ಆಡಿಸುತ್ತಿದ್ದರು. ಎಷ್ಟೋ ದಿನ ಯಾರಿಗೂ ಗೊತ್ತಾಗಲಿಲ್ಲ. ಒಂದು ರಜೆಯಲ್ಲಿ ಚನ್ನಪಟ್ಟಣದ ಅತ್ತೆ ಮನೆಗೆ ಹೊರಟವರು ಮಾಗಡಿ ಬಸ್ಸು ಹತ್ತಿ ಕೂತುಬಿಟ್ಟರು. ಬೋರ್ಡು ಓದಲು ಬರುತ್ತಿರಲಿಲ್ಲ. ಕಿಟಕಿಯಲ್ಲಿ ಸಾವನದುರ್ಗದ ಬಂಡೆ ಎದ್ದು ನಿಂತಾಗಲೇ ದಾರಿ ತಪ್ಪಿದ್ದು ತಿಳಿಯಿತು. ಆವತ್ತಿನಿಂದ ಅಂಗಡಿ ಬೋರ್ಡು, ಗೋಡೆ ಬರಹ, ಕಂಡದ್ದನ್ನೆಲ್ಲ ಒಬ್ಬರೇ ಅಕ್ಷರ ಅಕ್ಷರ ಕೂಡಿಸಿ ಓದುತ್ತಾ ಹೋದರು. ಡಿ.ಎಡ್. ಮುಗಿಸಿದರು. ಹೋದ ಜೂನ್‌ನಲ್ಲಿ ಅತಿಥಿ ಶಿಕ್ಷಕಿಯಾಗಿ ನಮ್ಮ ಜೋಡಿಕಲ್ಲುಪಾಳ್ಯಕ್ಕೆ ಬಂದರು.

ನಮ್ಮೂರು ಕೂಟಗಲ್ ದಾಟಿ ಒಳಗೆ. ಬಸ್ಸು ಕ್ರಾಸಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಎರಡು ದೊಡ್ಡ ಬಂಡೆಗಳ ನಡುವೆ ಹಾದು ಬರಬೇಕು. ಸ್ಕೂಲು ಐದನೇ ಕ್ಲಾಸಿನವರೆಗೆ, ಒಂದೇ ಕೋಣೆ, ಪಕ್ಕದಲ್ಲಿ ಬಿಸಿಯೂಟದ ಅಡುಗೆಮನೆ, ಬೇಲಿಯ ಆಚೆ ಪುಟ್ಟಸ್ವಾಮಣ್ಣನ ಹಿಪ್ಪುನೇರಳೆ ತೋಟ.

ಮೊದಲ ದಿನ ಮಿಸ್ ಒಳಗೆ ಹೋದಾಗ ಮಕ್ಕಳೆಲ್ಲ ಎದ್ದು ನಿಂತು, "ನಮಸ್ಕಾರ ಮೇಷ್ಟ್ರೇ" ಅಂದರು.

"ಮೇಷ್ಟ್ರಲ್ಲ, ಮಿಸ್ ಅನ್ನಿ" ಎಂದು ನೂರೀನ್ ನಕ್ಕರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಮಗಲ್ಲ ಮಿಸ್" ಅಂದಳು ಮುಂದಿನ ಸಾಲಿನಲ್ಲಿದ್ದ ಸೌಮ್ಯ. ಅವಳು ನಾಲ್ಕನೇ ಕ್ಲಾಸು, ಪುಟ್ಟಸ್ವಾಮಣ್ಣನ ಮಗಳು.

ಹುಡುಗಾಟ ಅಂದುಕೊಂಡು ಮಿಸ್ ಪುಸ್ತಕ ತೆಗೆಯಲು ಹೇಳಿದರು. ಚಿಕ್ಕವರು ದೊಡ್ಡವರು ಎಲ್ಲರೂ ಕೈಗೆ ಸಿಕ್ಕಿದ್ದನ್ನು ತೆರೆದರು. ಒಬ್ಬನ ಕೈಯಲ್ಲಿ ಗಣಿತದ ಪುಸ್ತಕವಿತ್ತು. ಎಲ್ಲರೂ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಒಂದೇ ದನಿಯಲ್ಲಿ ಶುರುಮಾಡಿದರು.

"ಊರಾಚೆ ಒಂದು ಕೆರೆ. ಕೆರೆಯ ಏರಿಯ ಮೇಲೆ ಒಂದು ದಾರಿ. ದಾರಿಯಲ್ಲಿ ಒಬ್ಬ ಹುಡುಗ ನಡೆದು ಹೋಗುತ್ತಿದ್ದನು. ಹೊತ್ತು ಮುಳುಗುತ್ತಿತ್ತು."

ಇಲ್ಲಿಗೆ ಬಂದು ಎಲ್ಲರೂ ಒಟ್ಟಿಗೆ ಕೆಮ್ಮಿದರು. ಮಕ್ಕಳ ಕೆಮ್ಮಲ್ಲ ಅದು. ಎದೆಯ ತಳದಿಂದ ಎಳೆದು ತಂದು, ಕೊನೆಯಲ್ಲಿ ಒಂದು ಸಣ್ಣ ಉಸಿರು ಬಿಡುವ ಮುದುಕರ ಕೆಮ್ಮು. ಕೆಮ್ಮಿ ಮುಗಿಸಿ ಎಲ್ಲರೂ ಪುಟ ತಿರುವಿದರು. ಹುಳುಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ತಿನ್ನುವಾಗ ಬರುತ್ತದಲ್ಲ, ಆ ಸದ್ದು ಕೋಣೆ ತುಂಬಾ ಆಯಿತು.

"ಹುಡುಗನ ಹಿಂದೆ ಹೆಜ್ಜೆಯ ಸಪ್ಪಳ ಕೇಳಿಸಿತು. ಹುಡುಗ ನಿಂತನು. ಸಪ್ಪಳವೂ ನಿಂತಿತು. ಹುಡುಗ ತಿರುಗಿ ನೋಡಿದನು. ಅಲ್ಲಿ..."

ಮತ್ತೆ ಕೆಮ್ಮು. ಮತ್ತೆ ಪುಟ. ಮತ್ತೆ "ಊರಾಚೆ ಒಂದು ಕೆರೆ."

ನೂರೀನ್ ಬಗ್ಗಿ ಸೌಮ್ಯಳ ಪುಸ್ತಕ ನೋಡಿದರು. ಅವಳ ಬೆರಳು ಸಾಲಿನಿಂದ ಸಾಲಿಗೆ ಸರಿಯಾಗಿಯೇ ಓಡುತ್ತಿತ್ತು. ಆ ಪುಟದಲ್ಲಿ ಇದ್ದದ್ದು ಜೇನುನೊಣದ ಪಾಠ. ಕೆರೆಯೂ ಇಲ್ಲ, ಹುಡುಗನೂ ಇಲ್ಲ. ಉಳಿದ ಪುಸ್ತಕಗಳನ್ನೂ ನೋಡಿದರು. ಯಾವುದರಲ್ಲೂ ಆ ಪಾಠ ಇರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಡುಗೆಮನೆಗೆ ಹೋಗಿ ಕೆಂಚಮ್ಮಜ್ಜಿಯನ್ನು ಕೇಳಿದರು. ಕೆಂಚಮ್ಮಜ್ಜಿ ಬಿಸಿಯೂಟ ಮಾಡುವವರು.

"ಅಜ್ಜಿ, ಈ ಮಕ್ಕಳಿಗೆ ಯಾರು ಹಿಂಗೆ ಕಲಿಸಿದ್ದು?"

"ಇನ್ಯಾರು, ನಮ್ ಬೋರಲಿಂಗಯ್ಯ ಮೇಷ್ಟ್ರು."

"ಅವರು ಎಲ್ಲಿದಾರೆ? ಒಂದ್ಸಲ ಮಾತಾಡ್ಬೇಕಲ್ಲ."

ಕೆಂಚಮ್ಮಜ್ಜಿ ಸೌಟು ಕೆಳಗಿಟ್ಟರು. "ಮಾತಾಡೀರಂತೆ. ಸ್ಮಶಾನಕ್ಕೋಗಿ ಕೂಗ್ಬೇಕು, ಎದ್ದು ಬಂದ್ರೆ ನಂಗೂ ಒಸಿ ಹೇಳಿ, ಅವರು ನನ್ ಸಾರು ತಿಂದು ಚೆನ್ನಾಗೈತೆ ಅಂತ ಒಂದಿನಾನೂ ಅಂದಿಲ್ಲ. ತೀರೋಗಿ ಎಷ್ಟೋ ವರ್ಷ ಆಯ್ತು ಕಣವ್ವ. ಈಗಿರೋ ಮಕ್ಳು ಒಂದೂ ಅವರ ಮೊಕ ನೋಡಿಲ್ಲ."

ಬೋರಲಿಂಗಯ್ಯ ಮೇಷ್ಟ್ರು ಒಬ್ಬರೇ ಆ ಸ್ಕೂಲು ನಡೆಸುತ್ತಿದ್ದರು. ಕೊನೆಯ ಹತ್ತಾರು ವರ್ಷ ಅವರ ಕಣ್ಣು ಮಂಜಾಗಿತ್ತು. ಹೇಳಿದರೆ ಬೇರೆಯವರನ್ನು ಹಾಕುತ್ತಾರೆ, ಬಂದವರು ನಿಲ್ಲುವುದಿಲ್ಲ, ಸ್ಕೂಲು ಹಾಳಾಗುತ್ತದೆ ಎಂದು ಮೇಷ್ಟ್ರು ಯಾರಿಗೂ ಹೇಳಲಿಲ್ಲ. ನೆನಪಿನಲ್ಲಿ ಉಳಿದಿದ್ದ ಹಳೆಯ ಪಾಠವೊಂದನ್ನು ಬಾಯಲ್ಲಿ ಹೇಳುತ್ತಿದ್ದರು, ಮಕ್ಕಳು ಪುಸ್ತಕ ಹಿಡಿದು ಹೇಳಿಕೊಳ್ಳುತ್ತಿದ್ದರು. ಪುಟ ಎಲ್ಲಿ ಮುಗಿಯುತ್ತದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. ಅವರು ಕೆಮ್ಮಿದಾಗ ಮಕ್ಕಳು ಪುಟ ತಿರುವುತ್ತಿದ್ದರು. 'ಅಲ್ಲಿ' ಆದಮೇಲೆ ಏನಿತ್ತು ಎನ್ನುವುದು ಅವರಿಗೇ ಮರೆತುಹೋಗಿತ್ತು. ಅದಕ್ಕೇ ಮೊದಲಿನಿಂದ ಶುರುಮಾಡುತ್ತಿದ್ದರು. ಅವರು ಹೋದಮೇಲೆ ಬಂದ ಶಿಕ್ಷಕರು ಒಬ್ಬರೂ ನೆಲೆ ನಿಲ್ಲಲಿಲ್ಲ. ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟರು. ಅಕ್ಕ ತಮ್ಮನಿಗೆ, ತಮ್ಮ ಪಕ್ಕದ ಮನೆ ಮಗುವಿಗೆ. ನಮ್ಮೂರಲ್ಲಿ ಓದುವುದು ಅಂದರೆ ಅದೇ ಆಯಿತು. ನಾವೂ ಹಾಗೇ ಓದಿದ್ದು. ನಾನು ಅಕ್ಷರ ಕೂಡಿಸಲು ಕಲಿತದ್ದು ಆಮೇಲೆ, ನೆಂಟರ ಊರಿನ ಸ್ಕೂಲಿಗೆ ಹೋದಾಗ.

ಮಾರನೇ ದಿನ ಮಿಸ್ ಸೌಮ್ಯಳನ್ನು ಹತ್ತಿರ ಕೂರಿಸಿಕೊಂಡು ಜೇನುನೊಣದ ಪಾಠ ತೋರಿಸಿದರು. "ಇದನ್ನ ನೀನೊಬ್ಬಳೇ ಓದು."

ಸೌಮ್ಯ ಪುಸ್ತಕವನ್ನು ಮಿಸ್ ಕಡೆಗೆ ಸರಿಸಿದಳು. "ಒಬ್ಳೇ ಓದುದ್ರೆ ಮೇಷ್ಟ್ರು ಬರಾಕಿಲ್ಲ ಮಿಸ್."

"ಎಲ್ಲಿಗೆ ಬರಲ್ಲ?"

ಸೌಮ್ಯ ತನ್ನ ಗಂಟಲು ಮುಟ್ಟಿ ತೋರಿಸಿದಳು.

ನೂರೀನ್ ದನಿ ಬದಲಾಯಿಸದೆ ಕೇಳಿದರು. "ಸರಿ, ಆ ಹುಡುಗ ತಿರುಗಿ ನೋಡಿದನಲ್ಲ, ಅಲ್ಲಿ ಏನಿತ್ತು?"

"ಕೆಮ್ಮು ಮಿಸ್" ಅಂದಳು ಸೌಮ್ಯ. ಎಲ್ಲ ಮಕ್ಕಳೂ ತಲೆಯಾಡಿಸಿದರು.

ಆಗಸ್ಟಿನಲ್ಲಿ ರಾಮನಗರದಲ್ಲಿ ಶಿಕ್ಷಕರ ಮೀಟಿಂಗಿನಲ್ಲಿ ಒಂದು ವಿಷಯ ಹೇಳಿದರು. ಮಕ್ಕಳು ಕಡಿಮೆ ಇರುವ ಶಾಲೆಗಳ ಕಲಿಕೆ ಪರೀಕ್ಷೆ ಮಾಡುತ್ತಾರೆ. ಯಾರೂ ನೋಡಿರದ ಒಂದು ಪುಟ ತಂದು ಒಬ್ಬೊಬ್ಬರಿಂದಲೇ ಓದಿಸುತ್ತಾರೆ. ಓದಲು ಬಾರದಿದ್ದರೆ ಆ ಶಾಲೆಯನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುತ್ತಾರೆ. ನಮಗೆ ಹತ್ತಿರದ್ದು ಎಂದರೆ ಬಂಡೆಗಳ ಆಚೆಯದು. ಆ ದಾರಿಯಲ್ಲಿ ಚಿರತೆ ಓಡಾಡುತ್ತದೆ. ಎರಡು ಬೇಸಿಗೆ ಹಿಂದೆ ಮೇಯಲು ಬಿಟ್ಟ ಕರುವನ್ನು ಹಾಡಹಗಲೇ ಎಳೆದುಕೊಂಡು ಹೋಗಿತ್ತು. ಅಲ್ಲಿಗೆ ಯಾವ ತಾಯಿಯೂ ಹೆಣ್ಣು ಮಗುವನ್ನು ಕಳಿಸುವುದಿಲ್ಲ. ಸ್ಕೂಲು ಮುಚ್ಚಿದರೆ ಸೌಮ್ಯಳ ಓದು ಅಲ್ಲಿಗೇ ನಿಂತಂತೆ.

ಮಿಸ್ ಇದನ್ನು ಹೇಳಿದಾಗ ಪುಟ್ಟಸ್ವಾಮಣ್ಣ ನಕ್ಕುಬಿಟ್ಟರು. ಅವರೇ ಶಾಲಾ ಸಮಿತಿ ಅಧ್ಯಕ್ಷರು.

"ಅದಕ್ಯಾಕೆ ಇಷ್ಟು ಎದ್ರುಕೊತ್ತೀರಿ ಮಿಸ್ಸೇ? ಹೋದ್ವರ್ಷಾನೂ ಸಾಹೇಬ್ರು ಬಂದಿದ್ರು. ನಮ್ ಮಕ್ಳು ಓದಿದ್ ಕೇಳಿ, ಇಡೀ ಹೋಬಳೀಲೇ ಇಂಥ ಸ್ಕೂಲಿಲ್ಲ ಅಂದ್ಬುಟ್ಟು ಎಳನೀರ್ ಕುಡ್ದು ಹೋದ್ರು."

"ಅದು ಓದಲ್ಲ ಅಣ್ಣ. ಬಾಯಿಪಾಠ."

"ನಮಗೂ ಅದೇ ಪಾಠ ಹೇಳ್ಕೊಟ್ಟಿದ್ದು ಮೇಷ್ಟ್ರು. ನಾವೇನು ಕೆಟ್ಟೋದ್ವಾ?"

"ಈ ಚೀಟಿ ಓದಿ ಅಣ್ಣ" ಎಂದು ನೂರೀನ್ ಅವರ ಪಕ್ಕದಲ್ಲಿದ್ದ ಔಷಧಿ ಡಬ್ಬಿಯ ಮೇಲಿದ್ದ ಚೀಟಿ ತೋರಿಸಿದರು. ಸೊಪ್ಪಿಗೆ ಹೊಡೆಯುವ ಔಷಧಿ ಅದು. ಪುಟ್ಟಸ್ವಾಮಣ್ಣ ಡಬ್ಬಿಯನ್ನು ಹಿಂದೆ ಸರಿಸಿಕೊಂಡರು. "ಕನ್ನಡಕ ಮನೇಲೈತೆ" ಅಂದರು. ಅವರಿಗೆ ಕನ್ನಡಕವೇ ಇಲ್ಲ.

ಆ ವಾರವೇ ಇನ್ನೊಂದು ಸಂಗತಿ ನಡೆಯಿತು. ಉರಿಬಿಸಿಲಿನ ಮಧ್ಯಾಹ್ನ. ಮಕ್ಕಳು ತಾವಾಗಿಯೇ ಪಾಠ ಶುರುಮಾಡಿದ್ದರು. "ಹುಡುಗ ನಿಂತನು" ಎಂಬಲ್ಲಿ ನೂರೀನ್ ಮೇಜು ಬಡಿದು ಸಾಕು ಎಂದರು. ಮಕ್ಕಳು ಸುಮ್ಮನಾದರು. ಆ ಮೌನದಲ್ಲಿ ಬೇಲಿಯಾಚೆಯಿಂದ ಒಂದು ಗಂಡಸಿನ ದನಿ, ತನ್ನಷ್ಟಕ್ಕೆ ತಾನು ಮಾತಾಡಿಕೊಂಡಂತೆ, "ಸಪ್ಪಳವೂ ನಿಂತಿತು" ಅಂದಿತು. ನೂರೀನ್ ಕಿಟಕಿಗೆ ಹೋಗಿ ನೋಡಿದರು. ಸೊಪ್ಪು ಕುಯ್ಯುತ್ತಿದ್ದ ಪುಟ್ಟಸ್ವಾಮಣ್ಣ ತಲೆ ಎತ್ತಿರಲಿಲ್ಲ. ಅವರಿಂದ ದೂರದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳ ತುಟಿಯೂ ಆಡುತ್ತಿತ್ತು. 'ಅಲ್ಲಿ' ಎಂಬಲ್ಲಿಗೆ ಬಂದು ಇಬ್ಬರೂ ಒಟ್ಟಿಗೆ ಕೆಮ್ಮಿದರು. ಪುಟ್ಟಸ್ವಾಮಣ್ಣನ ಎಡಗೈ ಗಾಳಿಯಲ್ಲಿ ಏನನ್ನೋ ತಿರುವಿತು. ಆಮೇಲೆ ಮತ್ತೆ ಸೊಪ್ಪು ಹಿಡಿಯಿತು.

ಸಂಜೆ ಬಂಡೆಗಳ ನಡುವೆ ಬಸ್ಸಿಗೆ ಹೋಗುವಾಗ ಮಿಸ್ ಹಿಂದೆ ಯಾರೋ ಬರುತ್ತಿರುವಂತೆ ಸಪ್ಪಳವಾಯಿತು. ಅವರು ನಿಂತರು. ಸಪ್ಪಳವೂ ನಿಂತಿತು. ಎರಡು ಕಲ್ಲಿನ ನಡುವೆ ನಮ್ಮ ಹೆಜ್ಜೆಯೇ ನಮಗೆ ಹಿಂದಿನಿಂದ ಕೇಳಿಸುತ್ತದೆ, ಊರಿನವರಿಗೆಲ್ಲ ಗೊತ್ತು. ಅವರಿಗೂ ಗೊತ್ತಿತ್ತು. ಆದರೂ ತಿರುಗಿ ನೋಡಲು ಆಗಲಿಲ್ಲ ಎಂದು ನನಗೆ ಹೇಳಿದರು. ನೋಡಿದರೆ ಅಲ್ಲಿ ಏನಿದೆ ಎಂದು ಗೊತ್ತಾಗಿಬಿಡುತ್ತದಲ್ಲ ಅನ್ನಿಸಿತಂತೆ.

ಮನೆಯಲ್ಲಿ ಅಮ್ಮನಿಗೆ ಪೇಪರ್ ಓದಿ ಹೇಳುತ್ತಿದ್ದಾಗ ತಮ್ಮ ಮುಕ್ತಿಯಾರ್ ರೇಗಿಸಿದ. "ಏನಕ್ಕಾ, ಮುದುಕರ ತರ ಕೆಮ್ತೀಯ? ಹಳ್ಳಿ ಗಾಳಿ ಸರಿಹೋಗಿಲ್ವಾ?"

"ಎಲ್ಲಿ ಕೆಮ್ಮಿದೆ?"

"ಪುಟ ತಿರುಗಿಸ್ದಾಗೆಲ್ಲ ಕೆಮ್ತಿದ್ದೀಯಲ್ಲ" ಅಂದ ಮುಕ್ತಿಯಾರ್. "ಕಷಾಯ ಮಾಡ್ಕೊಡ್ಲಾ ಮಿಸ್?"

ನೂರೀನ್ ಪೇಪರ್ ಮಡಿಸಿ ಇಟ್ಟರು. ತಾವು ಕೆಮ್ಮಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಗುಂಪಿನ ದನಿಯೊಳಗೆ ಬಚ್ಚಿಟ್ಟುಕೊಂಡರೆ ಎಷ್ಟು ಬೆಚ್ಚಗಿರುತ್ತದೆ, ಅಲ್ಲಿಂದ ಹೊರಗೆ ಬರಲು ಎಷ್ಟು ಭಯ, ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬೈದು ಬಿಡಿಸುವುದಲ್ಲ ಅದು.

ಮಾರನೇ ದಿನ ಎಲ್ಲ ಮಕ್ಕಳ ಸ್ಲೇಟನ್ನೂ ಇಸಿದುಕೊಂಡು ಒಂದೊಂದರಲ್ಲೂ ಒಂದೊಂದು ಸಾಲು ಬರೆದು ತಿರುಗಿಸಿ ಕೊಟ್ಟರು. "ಹುಡುಗ ತಿರುಗಿ ನೋಡಿದಾಗ ಏನಿತ್ತು ಅಂತ ಇದರಲ್ಲಿ ಬರೆದಿದ್ದೀನಿ. ಒಬ್ಬರದ್ದು ಇನ್ನೊಬ್ಬರಿಗೆ ತೋರಿಸಬಾರದು. ಹೇಳಲೂಬಾರದು. ಯಾರಿಗೆ ಗೊತ್ತಾಗುತ್ತೋ ಅವರು ಬಂದು ನನ್ನ ಕಿವೀಲಿ ಹೇಳಿ."

ಅಷ್ಟು ದಿನ ತಿಳಿಯದೇ ಉಳಿದಿದ್ದ ವಿಷಯ ಕೈಯಲ್ಲೇ ಇದೆ ಎಂದರೆ ಮಕ್ಕಳು ಬಿಡುತ್ತಾರಾ? ಸ್ಲೇಟನ್ನು ಎದೆಗೊತ್ತಿಕೊಂಡು ಮೂಲೆಮೂಲೆಗೆ ಹೋಗಿ ಕೂತರು. ಅಕ್ಷರ ಕೇಳಲು ಒಬ್ಬೊಬ್ಬರೇ ಬಂದರು. ಇದೇನು ಮಿಸ್, ಇದಕ್ಕೆ ಬಾಲ ಇದೆಯಲ್ಲ. ಇದು ಕ, ಇದಕ್ಕೆ ಕೊಂಬು. ದೀಪಾವಳಿಯ ಹೊತ್ತಿಗೆ ಒಬ್ಬ ಹುಡುಗ ಓಡಿ ಬಂದು ಕಿವಿಯಲ್ಲಿ, "ಕರು ನಿಂತಿತ್ತು ಮಿಸ್" ಅಂದ. ಇನ್ನೊಬ್ಬಳಿಗೆ ತೆಂಗಿನಕಾಯಿ ಉರುಳುತ್ತಿತ್ತು. ಮತ್ತೊಬ್ಬನಿಗೆ ಅವನ ತಂಗಿ ಬರುತ್ತಿದ್ದಳು. ಓದಿದವರ ಸ್ಲೇಟು ಒರೆಸಿ ಮಿಸ್ ಹೊಸ ಸಾಲು ಬರೆಯುತ್ತಿದ್ದರು. ಕೆಲವರಿಗೆ ಏನು ಮಾಡಿದರೂ ಅಕ್ಷರ ಕೂಡಲೇ ಇಲ್ಲ. ಅವರು ಮತ್ತೆ ಕೆಮ್ಮಿ ಮೊದಲಿನಿಂದ ಶುರುಮಾಡಿಬಿಡುತ್ತಿದ್ದರು.

ಸೌಮ್ಯ ಎಲ್ಲರಿಗಿಂತ ತಡ. ಅವಳು ಬಂದು ಮಿಸ್ ಕಿವಿಯ ಹತ್ತಿರ ತುಂಬಾ ಹೊತ್ತು ಉಸಿರಾಡುತ್ತಾ ನಿಂತಳು. "ಅಲ್ಲಿ... ಯಾರೂ... ಇರಲಿಲ್ಲ" ಅಂದಳು. ಅವಳದೇ ದನಿ. ಸಣ್ಣ, ಕೀಚಲು ದನಿ. ಮಿಸ್ ಅದನ್ನು ಅಲ್ಲಿಯತನಕ ಬಿಡಿಯಾಗಿ ಕೇಳಿಯೇ ಇರಲಿಲ್ಲ.

"ಸರಿಯಾಗಿ ಓದಿದೆ ಕಣೇ!"

ಸೌಮ್ಯ ಕದಲಲಿಲ್ಲ. "ಯಾರೂ ಇರ್ನಿಲ್ವಾ ಮಿಸ್? ಹಂಗಾದ್ರೆ ಸಪ್ಪಳ ಯಾರ್ದು?"

ಮಗು ಓದಿ ಕೇಳಿದ ಮೊದಲನೇ ಪ್ರಶ್ನೆ ಅದು.

ಊರಿನಲ್ಲಿ ಗುಸುಗುಸು ಶುರುವಾಯಿತು. ಸ್ಕೂಲಿನಿಂದ ಈಗ ಪಾಠ ಕೇಳಿಸುವುದಿಲ್ಲ, ಮಕ್ಕಳು ತಡವರಿಸುತ್ತಾರೆ, ಚೆನ್ನಾಗಿದ್ದ ಸ್ಕೂಲನ್ನು ಟೌನಿನವಳು ಕೆಡಿಸಿದಳು. ಪುಟ್ಟಸ್ವಾಮಣ್ಣ ನೇರವಾಗಿಯೇ ಬಂದು ಹೇಳಿದರು. "ನೋಡಿ ಮಿಸ್ಸೇ, ಸಾಹೇಬ್ರು ಬಂದ ದಿನ ಮಕ್ಳು ಹಳೇ ತರಾನೇ ಓದ್ಲಿ. ನಿಮ್ ಕೈ ಮುಗೀತೀನಿ. ಇಸ್ಕೂಲು ಹೋಯ್ತು ಅಂದ್ರೆ ನನ್ ಮಗಳನ್ನ ಆ ಕಲ್ ಸಂದೀಲಿ ಕಳ್ಸಕ್ಕಾಯ್ತದಾ?"

"ಅವಳು ಓದ್ತಾಳೆ ಅಣ್ಣ. ಒಬ್ಬಳೇ ಓದ್ತಾಳೆ."

"ಒಬ್ಳೇ ಓದುದ್ರೆ ಕೇಳೋರ್ಯಾರು?" ಅಂದರು ಪುಟ್ಟಸ್ವಾಮಣ್ಣ.

ಫೆಬ್ರವರಿಯಲ್ಲಿ ಇಲಾಖೆಯ ಸಾಹೇಬರು ಬಂದರು. ಅನಂತರಾಜು ಸಾರ್, ಹೋದ ವರ್ಷ ಬಂದಿದ್ದವರೇ. ಒಳ್ಳೆಯ ಮನುಷ್ಯ. ಬಂದ ಕೂಡಲೇ, "ಏನ್ ಕೆಂಚಮ್ಮೋರೆ, ಇವತ್ತೂ ಸಾಂಬಾರಲ್ಲಿ ಬೇಳೆ ಹುಡುಕ್ಬೇಕಾ?" ಎಂದು ಅಡುಗೆಮನೆಗೆ ಕೇಳುವಂತೆ ಕೂಗಿದರು. "ಹುಡ್ಕಿ ಸಾರ್, ಸಿಕ್ಕುದ್ರೆ ನಂಗೂ ತೋರ್ಸಿ" ಎಂದು ಒಳಗಿನಿಂದ ಉತ್ತರ ಬಂತು.

ಆಮೇಲೆ ಒಬ್ಬೊಬ್ಬರನ್ನೇ ಕರೆದು ಓದಿಸಿದರು. ಅವರು ತಂದಿದ್ದ ಪುಟದಲ್ಲಿ ಗುಬ್ಬಿಯ ಕಥೆಯಿತ್ತು. ಕೆಲವರು ಓದಿದರು, ತಡೆದು ತಡೆದು, ಬೆವರುತ್ತಾ. ಕೆಲವರು ಮೊದಲ ಸಾಲಿಗೇ ನಿಂತರು. ಸೌಮ್ಯ ಒಂದು ಪದ ತಪ್ಪಿದಳು, ತಾನೇ ಹಿಂದಕ್ಕೆ ಹೋಗಿ ಸರಿಮಾಡಿಕೊಂಡು ಕೊನೆವರೆಗೂ ಓದಿದಳು. ಅನಂತರಾಜು ಸಾರ್ ಮುಖ ಸಪ್ಪಗಾಯಿತು.

"ಏನಮ್ಮ ಇದು, ಹೋದ ವರ್ಷ ಅಷ್ಟು ಚೆನ್ನಾಗಿ ಓದ್ತಿದ್ರಲ್ಲ! ಇದನ್ನ ಹಿಂಗೇ ಬರೆದ್ರೆ ಸ್ಕೂಲು ಉಳಿಯೋದು ಕಷ್ಟ. ಒಂದ್ ಕೆಲಸ ಮಾಡಿ. ಎಲ್ಲಾ ಒಟ್ಟಿಗೆ ಓದ್ಲಿ, ನಾನು ವಿಡಿಯೊ ಮಾಡ್ಕೊಂಡು ಹೋಗ್ತೀನಿ. ಅದನ್ನೇ ಹಾಕೋಣ."

ಬಾಗಿಲಲ್ಲಿ ನಿಂತಿದ್ದ ಪುಟ್ಟಸ್ವಾಮಣ್ಣ ಮಿಸ್ ಮುಖವನ್ನೇ ನೋಡುತ್ತಿದ್ದರು. ಒಂದು ಮಾತು ಹೇಳಿದರೆ ಸ್ಕೂಲು ಉಳಿಯುತ್ತಿತ್ತು. ನೂರೀನ್ ಬೇಡ ಅನ್ನಲೂ ಇಲ್ಲ, ಓದಿ ಅನ್ನಲೂ ಇಲ್ಲ. ಸಾರ್ ಫೋನ್ ಎತ್ತಿ ಹಿಡಿದಿದ್ದನ್ನು ಕಂಡು ಮಕ್ಕಳೇ ಶುರುಮಾಡಿದರು.

"ಊರಾಚೆ ಒಂದು ಕೆರೆ."

ಹಳೆಯ ದನಿ ಹಾಗೇ ಎದ್ದು ಬಂತು. ಕೆಮ್ಮು ಬಂತು. ಪುಟಗಳು ಒಟ್ಟಿಗೆ ತಿರುಗಿದವು. ಪುಟ್ಟಸ್ವಾಮಣ್ಣನ ತುಟಿ ಆಡತೊಡಗಿತು. ನೂರೀನ್ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

"ಹುಡುಗ ತಿರುಗಿ ನೋಡಿದನು. ಅಲ್ಲಿ..."

ಕೆಮ್ಮು ಬರಲಿಲ್ಲ. ಬಂದದ್ದು ಗದ್ದಲ. ಕರು ಎಂದ ಒಬ್ಬ. ತೆಂಗಿನಕಾಯಿ ಎಂದಳು ಒಬ್ಬಳು. ತಂಗಿ ಎಂದ ಇನ್ನೊಬ್ಬ. ಯಾರೂ ಇರಲಿಲ್ಲ ಎಂದಳು ಸೌಮ್ಯ. ಒಂದಾಗಿದ್ದ ದನಿ ಕೈಜಾರಿದ ಮಣ್ಣಿನ ಗಡಿಗೆಯಂತೆ ಚೂರಾಯಿತು. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಬೆರಗಾಗಿ ಸುಮ್ಮನಾದರು.

ಆ ಮೌನದಲ್ಲಿ ಹೊರಗಿನಿಂದ ಪಾಠ ಮುಂದುವರಿಯಿತು. ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದವರು, ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದವರು, ದೊಡ್ಡವರೆಲ್ಲ ತಮಗೆ ಅರಿವಿಲ್ಲದೆ ಮೆಲ್ಲಗೆ ಕೆಮ್ಮಿ, "ಊರಾಚೆ ಒಂದು ಕೆರೆ" ಅಂದರು. ಒಳಗೆ ಒಂದು ಮಗುವೂ ಬಾಯಿ ತೆರೆದಿರಲಿಲ್ಲ. ಫೋನ್ ಹಿಡಿದಿದ್ದ ಅನಂತರಾಜು ಸಾರ್ ಕಿಟಕಿಯ ಕಡೆ ತಿರುಗಿದರು. "ಹೊತ್ತು ಮುಳುಗುತ್ತಿತ್ತು" ಎಂದು ಹೊರಗೆ ಕೇಳಿಸಿತು. ಆಗ ಅವರೂ ಕೆಮ್ಮಿದರು, ಎದೆಯ ತಳದಿಂದ. ಅವರ ಕೈ ಗುಬ್ಬಿಯ ಕಥೆಯಿದ್ದ ಹಾಳೆಯನ್ನು ತಿರುವಿಹಾಕಿತು.

ಅವರು ಆ ಕೈಯನ್ನೇ ನೋಡುತ್ತಾ ನಿಂತರು. ಫೋನನ್ನು ಜೇಬಿಗೆ ಹಾಕಿಕೊಂಡರು. "ನೀರು ಕೊಡಿ" ಅಂದರು. ಕುಡಿದಮೇಲೆ ಸೌಮ್ಯಳನ್ನು ಕರೆದು, "ಗುಬ್ಬಿ ಕಥೆ ಇನ್ನೊಂದ್ಸಲ ಓದವ್ವ, ನೀನೊಬ್ಬಳೇ" ಅಂದರು. ಸೌಮ್ಯ ಓದಿದಳು. ಅವಳು ಓದುತ್ತಿರುವಷ್ಟು ಹೊತ್ತು ಹೊರಗಿನ ದನಿಗಳು ನಿಂತಿದ್ದವು. ಪುಟ್ಟಸ್ವಾಮಣ್ಣ ಬಾಗಿಲ ಚೌಕಟ್ಟು ಹಿಡಿದು, ಮಗಳು ಮುಂದೆ ಏನು ಹೇಳುತ್ತಾಳೋ ಗೊತ್ತಿಲ್ಲದೆ, ಬಾಯಿ ಮುಚ್ಚಿಕೊಂಡು ಕೇಳಿದರು.

"ಒಬ್ಬೊಬ್ಬರು ಓದಿದ್ದನ್ನೇ ಬರೀತೀನಿ" ಎಂದು ಸಾರ್ ಹೊರಡುವಾಗ ಹೇಳಿದರು. "ಸಾಕಾಗುತ್ತೋ ಇಲ್ವೋ ನಂಗೊತ್ತಿಲ್ಲಮ್ಮ." ಆವತ್ತು ಎಳನೀರು ಕುಡಿಯಲಿಲ್ಲ.

ಮಾರ್ಚ್ ಕೊನೆಯಲ್ಲಿ ಸುದ್ದಿ ಬಂತು. ಸ್ಕೂಲಿಗೆ ಇನ್ನೊಂದು ವರ್ಷ ಕೊಟ್ಟಿದ್ದಾರೆ. ಮುಂದಿನ ಫೆಬ್ರವರಿಯಲ್ಲಿ ಮತ್ತೆ ಓದಿಸುತ್ತಾರೆ, ಆಗ ಉಳಿದ ಮಕ್ಕಳೂ ಓದಬೇಕು. ನೂರೀನ್ ಮಿಸ್ ಅವರ ಅವಧಿ ಪರೀಕ್ಷೆಯೊಂದಿಗೆ ಮುಗಿಯಿತು. ಜೂನ್‌ನಲ್ಲಿ ಅವರನ್ನು ಇಲ್ಲಿಗೇ ಹಾಕುತ್ತಾರೋ ದೊಡ್ಡಆಲಹಳ್ಳಿ ಕಡೆಗೆ ಹಾಕುತ್ತಾರೋ ಅವರಿಗೇ ಗೊತ್ತಿಲ್ಲ. ಹೊರಟ ದಿನ ಬಸ್ಸಿಗೆ ಕಾಯುತ್ತಾ ಇದನ್ನೆಲ್ಲ ನನಗೆ ಹೇಳಿದರು. ಈಗಲೂ ಪುಟ ತಿರುವುವಾಗ ಗಂಟಲಲ್ಲಿ ಏನೋ ಬಂದು ಕೂರುತ್ತದೆ, ನುಂಗಿಕೊಳ್ಳುತ್ತೇನೆ ಅಂದರು.

ಈಗ ರಜೆ. ಸ್ಕೂಲಿಗೆ ಬೀಗ ಹಾಕಿದೆ. ನಿನ್ನೆ ಪುಟ್ಟಸ್ವಾಮಣ್ಣನ ಮನೆ ಮುಂದೆ ಹೋಗುವಾಗ ಜಗಲಿಯ ಮೇಲೆ ಅವರ ಕೊನೇ ಮಗು, ಇನ್ನೂ ಸ್ಕೂಲಿಗೇ ಸೇರದ್ದು, ಹಳೇ ಕ್ಯಾಲೆಂಡರ್ ಹಿಡಿದುಕೊಂಡು ತನ್ನಷ್ಟಕ್ಕೆ ತಾನೇ "ಊರಾಚೆ ಒಂದು ಕೆರೆ" ಅನ್ನುತ್ತಿತ್ತು. ಯಾರು ಹೇಳಿಕೊಟ್ಟರು ಎಂದು ಸೌಮ್ಯಳನ್ನು ಕೇಳಿದೆ. ನಾನಲ್ಲ ಅಕ್ಕ ಅಂದಳು. ಅವಳ ಅಮ್ಮನೂ ನಾನಲ್ಲ ಅಂದರು. ಮಗು ಕೆಮ್ಮಿ ಕ್ಯಾಲೆಂಡರ್ ತಿರುವಿತು.

ನಾಳೆ ಸಾಯಂಕಾಲ ಡೈರಿಗೆ ಹಾಲು ಹಾಕಿ ಬಂದಮೇಲೆ ನಾನು ಆ ಜಗಲಿಗೆ ಹೋಗಿ, ಇನ್ನೂ ಓದಲು ಬಾರದ ಮಕ್ಕಳನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ, ಸ್ಲೇಟಿನಲ್ಲಿ ಒಂದೊಂದು ಸಾಲು ಬರೆದು ಓದಿಸುತ್ತೇನೆ.